ದೊಡ್ಡ ಮೇಡಂ ಮನೆಯ ಹಾಲು

ನಮ್ಮ ಊರಿನಲ್ಲಿ ಎದುರಿಗೆ ಸಿಕ್ಕವರನ್ನು ಯಾರೂ "ಊಟ ಆಯ್ತಾ" ಎಂದು ಕೇಳುವುದಿಲ್ಲ, "ಹಾಲು ಉಕ್ತಾ" ಎಂದು ಕೇಳುತ್ತಾರೆ. ಉಕ್ಕಿದ್ದರೆ "ಉಕ್ತು, ನಿಮ್ಮಲ್ಲಿ?" ಎಂದು ನಗುತ್ತಾ ಮುಂದೆ ಹೋಗುವುದು. ಉಕ್ಕದಿದ್ದರೆ "ಇನ್ನೂ ಇಟ್ಟಿಲ್ಲ" ಎನ್ನುವುದು. ಸಂಜೆಯಾದರೂ ಇನ್ನೂ ಹಾಲಿಟ್ಟಿಲ್ಲ ಎಂದರೆ ಕೇಳಿದವರಿಗೆ ಅರ್ಥವಾಗುತ್ತದೆ, ಅವರು ಮಾತನ್ನು ಬಿಸಿಲಿನ ಕಡೆಗೋ ನಲ್ಲಿ ನೀರಿನ ಕಡೆಗೋ ತಿರುಗಿಸುತ್ತಾರೆ. ಮನೆಯಲ್ಲಿ ಯಾರಾದರೊಬ್ಬರು ಭಯವನ್ನು ಒಳಗೇ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದರೆ ಆ ಮನೆಯ ಒಲೆಯ ಮೇಲೆ ಹಾಲು ಉಕ್ಕುವುದಿಲ್ಲ. ಕಾಯುತ್ತದೆ, ಕೆನೆ ಕಟ್ಟುತ್ತದೆ, ತಳ ಹಿಡಿಯುತ್ತದೆ, ಆದರೆ ಮೇಲೆ ಏಳುವುದಿಲ್ಲ.

ಇದರಿಂದ ಯಾರ ಬದುಕೂ ನಿಂತಿಲ್ಲ. ಹತ್ತನೇ ಕ್ಲಾಸಿನ ಫಲಿತಾಂಶ ಬರುವ ವಾರ ಅರ್ಧ ಊರಿನಲ್ಲಿ ಹಾಲು ಉಕ್ಕುವುದಿಲ್ಲ, ಆಗ ಖೋವಾ ಮಾಡುವವರಿಗೆ ಸುಗ್ಗಿ. ಉಕ್ಕಿ ಚೆಲ್ಲುತ್ತದೆ ಎಂಬ ಚಿಂತೆಯಿಲ್ಲದೆ ದೊಡ್ಡ ಬಾಣಲೆ ಇಟ್ಟು ಹಾಯಾಗಿ ಹರಟೆ ಹೊಡೆಯಬಹುದು. ಹೊಸದಾಗಿ ಮದುವೆಯಾದ ಮನೆಯಲ್ಲಿ ಒಂದು ತಿಂಗಳು ಯಾರೂ ಹಾಲಿನ ಸುದ್ದಿ ಎತ್ತುವುದಿಲ್ಲ. ಅದು ಇಲ್ಲಿನ ಮರ್ಯಾದೆ. ಹಾಲು ಉಕ್ಕದ ಮನೆಯವರು ಕೊಳ್ಳುವ ಹಾಲಿನ ಪುಡಿಯನ್ನು ಪೇಟೆಬೀದಿಯ ಗಂಗಾಧರಪ್ಪನ ಅಂಗಡಿಯಲ್ಲಿ ಎದುರಿಗೆ ಇಡುವುದಿಲ್ಲ, ಹಳೇ ಪೇಪರಿನಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ತೆಗೆದು ಕೊಡುತ್ತಾನೆ. ಇನ್ನು ನಮ್ಮ ಊರಿನ ಕೋರ್ಟಿನಲ್ಲಿ ಹಾಲು ಸಾಕ್ಷಿಯಲ್ಲ. ಯಾರ ಮನೆಯ ಹಾಲು ಉಕ್ಕಿತು, ಯಾರದು ಉಕ್ಕಲಿಲ್ಲ ಎಂದು ಕಟಕಟೆಯಲ್ಲಿ ಹೇಳಹೊರಟರೆ ನ್ಯಾಯಾಧೀಶರು ಬಾಯಿ ಮುಚ್ಚಿಸುತ್ತಾರೆ.

ನಾನು ಹೊರಗಿನಿಂದ ಸೊಸೆಯಾಗಿ ಬಂದವಳು. ನನ್ನ ಅತ್ತೆ ಕಮಲಾಕ್ಷಿ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಊರಿಗೆಲ್ಲ ಅವರು ದೊಡ್ಡ ಮೇಡಂ. ನಿವೃತ್ತರಾದರೂ ಆ ಪದವಿ ಇಳಿದಿಲ್ಲ. ಅವರು ಬೀದಿಗೆ ಬಂದರೆ ಸೈಕಲ್ ಮೇಲಿದ್ದ ಮೀಸೆಯ ಗಂಡಸರೂ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಯಾವ ಮಗುವಿಗೂ ಅವರು ಏಟು ಕೊಟ್ಟವರಲ್ಲ, ಆ ಕೆಲಸವನ್ನೆಲ್ಲ ಕಣ್ಣಿನಲ್ಲೇ ಮುಗಿಸುತ್ತಿದ್ದರಂತೆ. ನಾನು ಮದುವೆಯಾಗಿ ಬಂದಾಗ ಆ ಕಣ್ಣಿಗೆ ಹೆದರಿ ತಿಂಗಳಲ್ಲ, ಪೂರ್ತಿ ಮೂರು ತಿಂಗಳು ನಮ್ಮ ಮನೆಯ ಹಾಲು ಮಲಗಿಬಿಟ್ಟಿತ್ತು. ಈಗ ಅದನ್ನು ನೆನೆಸಿಕೊಂಡು ಇಬ್ಬರೂ ನಗುತ್ತೇವೆ.

ಹೀಗಿರುವಾಗ ಮಗಳು ಚಿನ್ಮಯಿ ಒಂಬತ್ತನೇ ಕ್ಲಾಸಿಗೆ ಹೋಗುತ್ತಿದ್ದ ವರ್ಷ ನಮ್ಮ ಮನೆಯ ಹಾಲು ಒಂದು ದಿನ ಉಕ್ಕಲಿಲ್ಲ. ಮರುದಿನವೂ ಇಲ್ಲ. ಅತ್ತೆ ಪಾತ್ರೆಯೊಳಗೆ ಇಣುಕಿ, "ಹಾಲಿಗೆ ನೀರು ಸೇರಿಸಿದ್ದಾರೆ ಕುಸುಮಾ, ಬೇರೆ ಕಡೆಯಿಂದ ತರಿಸು" ಅಂದರು. ತರಿಸಿದೆ. ಅದೂ ಉಕ್ಕಲಿಲ್ಲ. "ಗ್ಯಾಸು ಸರಿ ಇಲ್ಲ" ಅಂದರು. ಸಿಲಿಂಡರ್ ಬದಲಾಯಿಸಿದೆವು. ಕೊನೆಗೆ, ವಯಸ್ಸಾದ ಮೇಲೆ ಹಾಲು ಒಳ್ಳೆಯದಲ್ಲ, ವಾಯು ಆಗುತ್ತೆ, ಇನ್ನು ಮೇಲೆ ಈ ಮನೆಯಲ್ಲಿ ಎಲ್ಲರೂ ಶುಂಠಿ ಕಷಾಯ ಕುಡಿಯೋಣ ಎಂದು ಅಪ್ಪಣೆಯಾಯಿತು. ಹೆಡ್‌ಮಿಸ್ ಅಪ್ಪಣೆ ಕೊಟ್ಟರೆ ಕೇಳಲೇಬೇಕಲ್ಲ, ಕುಡಿದೆವು.

ಬೀದಿಯವರೆಲ್ಲ ನೋಡಿದ್ದು ನನ್ನನ್ನು. ಅತ್ತೆ, ಸೊಸೆ ಇರುವ ಮನೆಯಲ್ಲಿ ಹಾಲು ಉಕ್ಕದಿದ್ದರೆ ಯಾರ ಮೇಲೆ ಅನುಮಾನ ಬರುತ್ತದೆ ಹೇಳಿ. ಎದುರುಮನೆಯ ಪಾರ್ವತಕ್ಕ ನನ್ನ ಕೈ ಹಿಡಿದು, "ಏನೇ ಇದ್ರೂ ನನ್ನ ಹತ್ರ ಹೇಳ್ಕೊಮ್ಮ, ತವರುಮನೆ ಅನ್ಕೊ" ಅಂದರು. ಹೇಳಿಕೊಳ್ಳುವಂಥದ್ದೇನೂ ನನ್ನಲ್ಲಿಲ್ಲ ಎಂದೇ ಆಗ ಅಂದುಕೊಂಡಿದ್ದೆ. ನನಗೆ ನನ್ನ ಗಂಡ ಸುಧೀಂದ್ರರ ಮೇಲೆ ಅನುಮಾನ. ಅವರಿಗೆ ಮಗಳ ಮೇಲೆ. ಮಗಳಿಗೆ ಅಪ್ಪ, ಅಮ್ಮ ಇಬ್ಬರ ಮೇಲೆ. ಅತ್ತೆಯ ಮೇಲೆ ಮಾತ್ರ ಯಾರಿಗೂ ಇಲ್ಲ. ಭಯ ಹುಟ್ಟಿಸುವವರಿಗೂ ಭಯ ಇರಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇಂಥ ಸಂದರ್ಭಕ್ಕೆ ಊರಿನಲ್ಲಿ ಒಂದು ಪದ್ಧತಿ ಇದೆ. ಹಾಲಿನ ಮುಂದೆ ಕೂರುವುದು ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಒಲೆಯ ಮೇಲೆ ಹಾಲಿಟ್ಟು, ಮನೆಯವರೆಲ್ಲ ಅಡುಗೆಮನೆಯಲ್ಲಿ ಸುತ್ತ ಕೂರಬೇಕು. ಒಬ್ಬೊಬ್ಬರಾಗಿ ಮನಸ್ಸಿನಲ್ಲಿರುವ ಭಯ ಹೇಳಬೇಕು. ಯಾರು ಹೇಳಿದ ಮೇಲೆ ಹಾಲು ಉಕ್ಕುತ್ತದೋ ಅವರನ್ನು ಯಾರೂ ಬಯ್ಯಬಾರದು, ಆಮೇಲೆ ಆ ಹಾಲಿನಲ್ಲೇ ಕಾಫಿ ಮಾಡಿ ಎಲ್ಲರೂ ಕುಡಿಯಬೇಕು. ಕಷಾಯ ಕುಡಿದು ಕುಡಿದು ನಾಲಿಗೆ ಸತ್ತುಹೋಗಿದ್ದ ನನ್ನ ಗಂಡನೇ ಹಟ ಹಿಡಿದು ಎಲ್ಲರನ್ನೂ ಕೂರಿಸಿದರು.

ಮೊದಲು ಚಿನ್ಮಯಿ. ಗಣಿತದ ಕಿರುಪರೀಕ್ಷೆಯಲ್ಲಿ ಫೇಲಾಗಿದ್ದೇನೆ, ಅಪ್ಪನ ಸಹಿ ನಾನೇ ಹಾಕಿಕೊಂಡೆ ಅಂದಳು. ನಮ್ಮೆಲ್ಲರ ಕಣ್ಣು ಪಾತ್ರೆಯ ಮೇಲೆ. ಹಾಲು ಅಲುಗಲಿಲ್ಲ. ಆಮೇಲೆ ಗಂಡ ಗಂಟಲು ಸರಿಮಾಡಿಕೊಂಡು, ಕಂಕುಳಲ್ಲಿ ಒಂದು ಗಂಟಾಗಿದೆ, ಡಾಕ್ಟರಿಗೆ ತೋರಿಸಲು ಹೆದರಿಕೆ ಅಂದರು. ನಾಳೆಯೇ ಹೋಗೋಣ ಅಂದೆ. ಆ ಗಂಟು ಬರೀ ಕೊಬ್ಬು ಎಂದು ಆಮೇಲೆ ಗೊತ್ತಾಯಿತು, ಆದರೆ ಆಗ ಹಾಲಿಗೂ ಅದು ಸಾಲಲಿಲ್ಲ. ನನ್ನ ಸರದಿ ಬಂತು. ಚಿನ್ಮಯಿ ದೊಡ್ಡವಳಾಗಿ ಹೊರಟುಹೋದರೆ ಈ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇರುವುದಿಲ್ಲ ಎಂಬ ಭಯ ನನಗಿತ್ತು, ಅದನ್ನೇ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಹಾಲು ಹಾಗೇ ಇತ್ತು.

ಉಳಿದದ್ದು ಅತ್ತೆ. ಅವರು ಬೆನ್ನು ನೇರ ಮಾಡಿ ಕೂತು, "ನಂಗೆ ಹಲ್ಲಿ ಕಂಡ್ರೆ ಭಯ" ಅಂದರು.

"ಅಜ್ಜೀ, ಮೊನ್ನೆ ನೀವೇ ಪೊರಕೆಲಿ ಹೊಡ್ದು ಓಡಿಸಿದ್ರಿ" ಅಂದಳು ಚಿನ್ಮಯಿ.

"ಭಯ ಆಗಿದ್ದಕ್ಕೇ ಹೊಡೆದದ್ದು." ಅವರು ಎದ್ದು ಸೊಂಟ ಹಿಡಿದುಕೊಂಡರು. "ಈ ಒಲೆ ಮುಂದೆ ಕೂತು ನಂಗೆ ಕಾಲು ಜೋಮು ಹಿಡೀತು. ಇದೆಲ್ಲಾ ಮೂಢನಂಬಿಕೆ."

ಅವರು ಅದನ್ನು ಮೂಢನಂಬಿಕೆ ಎಂದ ಕೂಡಲೇ ನನಗೆ ತಿಳಿದುಹೋಯಿತು. ಹೊರಗಿನವರು ಹಾಗೆ ಅನ್ನಬಹುದು. ಈ ಊರಿನಲ್ಲೇ ಹುಟ್ಟಿ, ಪಾಠದ ನಡುವೆಯೂ ಮಕ್ಕಳನ್ನು "ಮನೇಲಿ ಹಾಲು ಉಕ್ತಾ?" ಎಂದು ಕೇಳುತ್ತಿದ್ದವರು ಹಾಗೆ ಅನ್ನುವುದಿಲ್ಲ. ಸುಧೀಂದ್ರ ನನ್ನ ಮುಖ ನೋಡಿದರು. ನಾನು ಹಾಲಿನ ಪಾತ್ರೆ ಇಳಿಸಿ ಮೊಸರಿಗೆ ಹೆಪ್ಪು ಹಾಕಿದೆ.

ಅದೇ ವಾರ ಒಂದು ಮಧ್ಯಾಹ್ನ ಮನೆಯಲ್ಲಿ ಅತ್ತೆ, ನಾನು ಇಬ್ಬರೇ ಇದ್ದಾಗ ಅಟ್ಟದ ಮೇಲಿನಿಂದ ಸುಪ್ರಭಾತ ಕೇಳಿಸಿತು. ಅದು ಅತ್ತೆಯ ಮೊಬೈಲಿನ ರಿಂಗು. ಮೊಬೈಲು ರಿಪೇರಿಗೆ ಕೊಟ್ಟಿದ್ದೇನೆ ಎಂದು ಅವರು ಹೇಳಿ ಎಷ್ಟೋ ದಿನವಾಗಿತ್ತು. ಏಣಿ ಹಾಕಿ ಹತ್ತಿ ನೋಡಿದರೆ ಹಬ್ಬದ ಹಿತ್ತಾಳೆ ಪಾತ್ರೆಗಳ ನಡುವೆ ಊಟದ ಕ್ಯಾರಿಯರು. ಮೇಲಿನ ಡಬ್ಬಿಯಲ್ಲಿ ಮೊಬೈಲು, ಅದಕ್ಕೆ ಸುತ್ತಿದ್ದು ಅವರ ಹಳೇ ಉಣ್ಣೆಯ ಟೋಪಿ. ರಾತ್ರಿಯ ಹೊತ್ತು ಗುಟ್ಟಾಗಿ ಚಾರ್ಜು ಕೂಡ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಆಫ್ ಮಾಡಿದರೆ ಯಾಕೆ ಆಫ್ ಮಾಡಿದ್ದಾರೆ ಎಂದು ಪೊಲೀಸರಿಗೆ ಅನುಮಾನ ಬರುತ್ತದಂತೆ.

ಇಳಿದು ತಿರುಗಿದರೆ ಅತ್ತೆ ಏಣಿಯ ಬುಡದಲ್ಲಿ ನಿಂತಿದ್ದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಏಣಿಯನ್ನು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಯಾರು ಫೋನ್ ಮಾಡಿದ್ದು? ಪೊಲೀಸಾ?"

"ಗ್ಯಾಸಿನವರು ಅತ್ತೆ. ಯಾವ ಪೊಲೀಸು? ಏನಾಗಿದೆ ನಿಮಗೆ?"

ಆಗ ಹೇಳಿದರು. ನಿವೃತ್ತ ಶಿಕ್ಷಕರದ್ದೊಂದು ವಾಟ್ಸಾಪ್ ಬಳಗ ಇದೆ. ಬೆಳಿಗ್ಗೆ ಗುಲಾಬಿ ಹೂವು, ಸಂಜೆ ಮಂಡಿನೋವಿನ ಮದ್ದು, ಅಷ್ಟೇ ಅದರ ವ್ಯವಹಾರ. ಅದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಜಯಪಾಲ ಒಂದು ಲಿಂಕು ಹಾಕಿದ್ದರು. ಮೇಲೆ 'ಮಕ್ಕಳಿಗೆ ಶಿಸ್ತು ಕಲಿಸುವ ಬಗೆ' ಎಂದಿತ್ತು. ಶಿಸ್ತು ಅಂದರೆ ದೊಡ್ಡ ಮೇಡಂ ಬಿಡುತ್ತಾರೆಯೇ, ತೆರೆದರು. ಒಳಗೆ ಒಂದು ವಿಡಿಯೊ. ಏಳು ವರ್ಷದ್ದೋ ಎಂಟು ವರ್ಷದ್ದೋ ಒಂದು ಹೆಣ್ಣುಮಗು. ಅದರ ಕೈಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಬ್ಬ ಗಂಡಸು ಮಗ್ಗಿ ಹೇಳಿಸುತ್ತಿದ್ದಾನೆ. ತಪ್ಪಿದಾಗಲೆಲ್ಲ ಬೆಲ್ಟಿನಲ್ಲಿ ಹೊಡೆಯುತ್ತಿದ್ದಾನೆ. ವಿಡಿಯೊ ತೆಗೆಯುತ್ತಿದ್ದವನು ನಗುತ್ತಿದ್ದಾನೆ.

"ಮುಚ್ಚೋಣ ಅಂದ್ರೆ ಬೆರಳು ಎಲ್ಲಿ ಒತ್ತಬೇಕೋ ತಿಳೀಲಿಲ್ಲ ಕುಸುಮಾ. ಕೈ ಮರಗಟ್ಟಿಹೋಗಿತ್ತು. ಕೊನೇವರೆಗೂ ಓಡ್ತು. ಏಳೆಂಟಲೆ ಅನ್ನೋ ಕಡೆ ಆ ಮಗುವಿಗೆ ಬರ್ಲೇ ಇಲ್ಲ." ಅವರು ಏಣಿಯ ಮೆಟ್ಟಿಲಿಗೆ ತಲೆ ಒರಗಿಸಿದರು. "ಆಮೇಲೆ ಪುರಭವನದಲ್ಲಿ ಆ ಲಾಯರು ಭಾಷಣ ಮಾಡಿದ್ರಲ್ಲ, ಮೊಬೈಲು ಅಪರಾಧಗಳ ಬಗ್ಗೆ. ಇಂಥದನ್ನ ಮಾಡಿದೋರು, ಕಳಿಸಿದೋರು, ನೋಡಿದೋರು, ಮೂರೂ ಜನ ಒಳಗೆ ಹೋಗ್ತಾರೆ ಅಂದ್ರು. ನಾನು ಮುಂದಿನ ಸಾಲಲ್ಲಿ ಕೂತಿದ್ದೆ. ಆ ಮನುಷ್ಯ ನನ್ನನ್ನೇ ನೋಡ್ತಾ ಇದ್ದ."

ಅವತ್ತಿನಿಂದ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಬೀದಿಯಲ್ಲಿ ಜೀಪು ಹೋದರೆ ಬಚ್ಚಲುಮನೆಗೆ ಓಡುತ್ತಿದ್ದರು. ಪೇಪರಿನಲ್ಲಿ ಬಂಧನ ಎಂಬ ಮಾತು ಕಂಡರೆ ಆ ಪುಟ ಮಡಚಿ ದಿಂಬಿನ ಕೆಳಗೆ ಇಡುತ್ತಿದ್ದರು. ಲಿಂಕನ್ನು ಅಳಿಸಿದ್ದರು. ಅಳಿಸಿದ್ದೇ ತಪ್ಪೇನೋ, ಸಾಕ್ಷ್ಯ ನಾಶ ಅಂತಾರೇನೋ ಎಂದು ಅದಕ್ಕೊಂದು ಬೇರೆ ಭಯ. ಹಾಲನ್ನು ಮನೆಯಿಂದ ಓಡಿಸಿದ್ದೂ ಅದಕ್ಕೇ. ಹಾಲು ಸಾಕ್ಷಿಯಲ್ಲ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಪೊಲೀಸರು ಬಂದ ಹೊತ್ತಿಗೆ ಒಲೆಯ ಮೇಲೆ ಸತ್ತ ಹಾಲು ಇರಬಾರದು ಎಂದು ಕಷಾಯದ ಯೋಜನೆ ಹಾಕಿದ್ದರು. ಇಷ್ಟು ಬುದ್ಧಿವಂತರು ಇಷ್ಟೊಂದು ದಡ್ಡತನ ಮಾಡಬಹುದೆಂದು ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು.

"ಸುಧೀಗೆ ಹೇಳ್ಬೇಡ. ಚಿನ್ನುಗಂತೂ ಬೇಡವೇ ಬೇಡ. ಊರಲ್ಲಿ ನನ್ನ ಹೆಸರು ಏನಾಗ್ಬೇಕು?" ಎಂದು ಕೈ ಹಿಡಿದುಕೊಂಡರು. ಆಯಿತು ಅಂದೆ. ಮರುದಿನ ಬೆಳಿಗ್ಗೆ ಆಸೆಯಿಂದ ಹಾಲಿಟ್ಟೆ. ಉಕ್ಕಲಿಲ್ಲ. ಉಕ್ಕುವುದಾದರೂ ಹೇಗೆ, ಮುಂಚೆ ಒಬ್ಬರು ಬಚ್ಚಿಟ್ಟುಕೊಂಡಿದ್ದರು, ಈಗ ಇಬ್ಬರು. ಗೇಟಿನ ಸದ್ದಾದರೆ ನಾನೂ ಬೆಚ್ಚಿಬೀಳತೊಡಗಿದೆ. ಅನ್ನ ಬಸಿಯುವಾಗ ಗಂಜಿ ಕೈಮೇಲೆ ಚೆಲ್ಲಿಕೊಂಡೆ. ಎರಡು ದಿನಕ್ಕೇ ನನಗೆ ಸಾಕಾಗಿಹೋಯಿತು, ಅವರು ಅಷ್ಟು ದಿನ ಒಬ್ಬರೇ ಹೇಗೆ ಹೊತ್ತರೋ.

ಮೂರನೇ ದಿನ ಸಂಜೆ ಅತ್ತೆ ಹಿತ್ತಲಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಮತ್ತೆ ಅದೇ ಶುರುಮಾಡಿದರು. ಕೈದಿಗಳಿಗೆ ಕನ್ನಡಕ ಹಾಕಿಕೊಳ್ಳಲು ಬಿಡುತ್ತಾರಾ, ಬಿ.ಪಿ. ಮಾತ್ರೆ ಯಾರು ಕೊಡುತ್ತಾರೆ, ಪಿಂಚಣಿ ನಿಲ್ಲಿಸುತ್ತಾರಾ, ಇಂಥವು. ನನಗೆ ಕಿರಿಕಿರಿಯಾಗಿತ್ತು. ದೊಡ್ಡ ಮನಸ್ಸಿನಿಂದ ಕೇಳಿದ್ದಲ್ಲ, ಮಾತು ಬದಲಾದರೆ ಸಾಕು ಎಂದು ಕೇಳಿದೆ, "ಅದಿರ್ಲಿ ಅತ್ತೆ, ಆ ಮಗು ಏನಾಯ್ತೋ ಏನೋ."

ಅವರ ಕೈ ನಿಂತಿತು. ನಾನು ಒಳಗೆ ಹೋಗಿ ದೀಪ ಹಚ್ಚಿ ಬಂದಾಗಲೂ ಮೊರದಲ್ಲಿದ್ದ ಕಾಯಿಗಳನ್ನೇ ನೋಡುತ್ತಿದ್ದರು.

"ನಾನು ಒಂದು ಸಲಾನೂ ಅದನ್ನ ಯೋಚಿಸ್ಲಿಲ್ಲ ಕಣೇ," ಅಂದರು. "ಅಷ್ಟು ವರ್ಷ ಹೆಣ್ಣುಮಕ್ಕಳ ಶಾಲೆ ನಡೆಸ್ದೆ. ಒಂದು ಮಗು ಎರಡು ದಿನ ಬರ್ಲಿಲ್ಲ ಅಂದ್ರೆ ಮನೆಗೆ ಹೋಗಿ ಬಾಗ್ಲು ತಟ್ತಿದ್ದೆ. ಈಗ ನೋಡು. ನನ್ನ ಹೆಸರು, ನನ್ನ ಪಿಂಚಣಿ, ನನ್ನ ಕನ್ನಡಕ. ಅದು ಎಲ್ಲಿದೆಯೋ, ಇವತ್ತು ಯಾವ ಮಗ್ಗಿ ಹೇಳಿಸ್ತಿದಾನೋ." ಆಮೇಲೆ ಅವರು ಅತ್ತರು. ಮಾವ ತೀರಿಕೊಂಡಾಗಲೂ ಜನರೆದುರು ಅಳದಿದ್ದವರು ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ಅತ್ತರು. ನಾನು ಅವರ ಪಕ್ಕ ಕೂತು ಉಳಿದ ಕಾಯಿಯ ನಾರು ತೆಗೆದೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು ತಯಾರಾಗಿದ್ದರು. ಅದು ಇನ್‌ಸ್ಪೆಕ್ಷನ್ ದಿನದ ಸೀರೆ. ಹಲ್ಲುಜ್ಜುತ್ತಿದ್ದ ಮಗನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು ಎಲ್ಲ ಹೇಳಿದರು. ಸುಧೀಂದ್ರರ ಬಾಯಲ್ಲಿ ಬ್ರಷ್ಷು ಹಾಗೇ ಉಳಿಯಿತು. "ಅಮ್ಮ, ನೀನು ಸುಮ್ನಿರು, ಮೊದ್ಲು ಒಬ್ರು ಲಾಯರನ್ನ ಕೇಳೋಣ" ಅಂದರು. "ಲಾಯರನ್ನ ಕೇಳಿಯೇ ಇಷ್ಟು ದಿನ ಹಾಳಾಯ್ತು" ಎಂದು ಅತ್ತೆ ಚಪ್ಪಲಿ ಮೆಟ್ಟಿದರು. ನಾನು ಅವರ ಹಿಂದೆ ಓಡಿದೆ.

ನಮ್ಮ ಊರಿನ ಪೊಲೀಸ್ ಠಾಣೆಯಲ್ಲಿ ಒಲೆ ಇಲ್ಲ. ಇಟ್ಟು ಪ್ರಯೋಜನವೂ ಇಲ್ಲ. ಸಬ್‌ಇನ್‌ಸ್ಪೆಕ್ಟರ್ ಚೆಲುವರಾಜು ಎಂಬ ಹುಡುಗ ವಯಸ್ಸಿನವರು, ಹೊರಗಿನಿಂದ ವರ್ಗವಾಗಿ ಬಂದು ಕೆಲವೇ ತಿಂಗಳಾಗಿತ್ತು, ನಮ್ಮ ಹಾಲಿನ ವಿಷಯವನ್ನು ಇನ್ನೂ ನಂಬಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಮುಂದೆ ನಿಂತು, "ನಾನೊಂದು ವಿಡಿಯೊ ನೋಡಿದೀನಿ. ನೋಡಬಾರದ್ದು. ಕೊನೇವರೆಗೂ ನೋಡಿದೀನಿ. ಆಮೇಲೆ ಅಳಿಸಿದೀನಿ. ಏನು ಶಿಕ್ಷೆ ಇದೆಯೋ ಕೊಡಿ, ಆದ್ರೆ ಮೊದ್ಲು ಆ ಮಗುವನ್ನ ಹುಡುಕಿ" ಎಂದು ಒಂದೇ ಉಸಿರಿಗೆ ಹೇಳಿದರು.

ಚೆಲುವರಾಜು ಪೆನ್ನು ಕೆಳಗಿಟ್ಟರು. "ಕೂತ್ಕೊಳಿ ಅಮ್ಮ. ನೀವು ಅದನ್ನ ಯಾರಿಗಾದ್ರೂ ಕಳಿಸಿದ್ರಾ?"

"ಇಲ್ಲ."

"ಬೇಕಂತ ಹುಡುಕಿ ನೋಡಿದ್ರಾ?"

"ಶಿಸ್ತು ಅಂತ ಬರೆದಿತ್ತು. ಅದಕ್ಕೆ ನೋಡ್ದೆ."

"ಗೊತ್ತಿಲ್ದೆ ಕಣ್ಣಿಗೆ ಬಿದ್ದಿದ್ದಕ್ಕೆ, ಅದನ್ನ ಬಂದು ತಿಳಿಸಿದ್ದಕ್ಕೆ, ಯಾರೂ ನಿಮ್ಮನ್ನ ಒಳಗೆ ಹಾಕಲ್ಲ. ಇಷ್ಟು ದಿನ ಅದನ್ನೇ ನೆನೆಸ್ಕೊಂಡು ಕೂತಿದ್ರಾ?" ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಈ ವಿಡಿಯೊ ಸುತ್ತಾಡ್ತಿದೆ ಅಂತ ನಮಗೂ ಮೇಲಿಂದ ಬಂದಿದೆ ಅಮ್ಮ. ಆದ್ರೆ ನಮಗೆ ಸಿಕ್ಕಿರೋದು ಒಂದು ಸಣ್ಣ ತುಂಡು, ಬರೀ ಗೋಡೆ ಕಾಣತ್ತೆ. ಪೂರ್ತಿ ಇದ್ದದ್ದನ್ನ ಯಾರೋ ತೆಗೆದುಬಿಟ್ಟಿದಾರೆ. ಪೂರ್ತಿ ನೋಡಿದೀನಿ ಅಂತ ಬಂದವರು ನೀವೇ ಮೊದಲು. ಏನು ನೆನಪಿದೆ, ಹೇಳಿ."

ಅತ್ತೆ ಕೂತರು. ನೀರು ಕುಡಿದರು. ಮಗುವಿನ ಮುಖ ಹೇಗಿತ್ತು ಎಂದರೆ ಹೇಳಲಾಗಲಿಲ್ಲ. ಗಂಡಸಿನ ಮುಖ ಕೇಳಿದರೆ ಅದೂ ಇಲ್ಲ. "ಅವರನ್ನ ನೋಡೋಕಾಗ್ಲಿಲ್ಲ. ಕಣ್ಣು ಮುಚ್ಚೋಕೂ ಆಗ್ಲಿಲ್ಲ. ಅದಕ್ಕೆ ಕಿಟಕಿ ಆಚೆ ನೋಡ್ತಾ ಇದ್ದೆ" ಅಂದರು. ಇನ್‌ಸ್ಪೆಕ್ಟರಿಗೆ ನಿರಾಸೆಯಾದದ್ದು ನನಗೆ ಕಂಡಿತು. ಕಿಟಕಿಯ ಆಚೆ ಏನಿತ್ತು ಎಂದು ಸುಮ್ಮನೆ ಕೇಳಿದರು.

"ನೀರಿನ ಟ್ಯಾಂಕು. ಮೇಲೆ ಒಂದು ಬಿಳಿ ಮೊಲದ ಚಿತ್ರ ಬರೆದಿದ್ರು. ಮೊಲದ ಒಂದು ಕಿವಿ ಬಣ್ಣ ಹೋಗಿತ್ತು."

ಬಾಗಿಲ ಹತ್ತಿರ ನಿಂತಿದ್ದ ಕಾನ್‌ಸ್ಟೇಬಲ್ ಥಟ್ಟನೆ ತಲೆ ಎತ್ತಿದರು. ಹೊಳೆಯಾಚೆಯ ಊರಲ್ಲಿ ಅವರ ಷಡ್ಡಕನ ಮನೆ ಇತ್ತಂತೆ, ಆ ಟ್ಯಾಂಕಿನ ಕೆಳಗೇ ಬಸ್ಸು ಇಳಿಯುವುದಂತೆ. ಆಮೇಲೆ ಠಾಣೆಯಲ್ಲಿ ಓಡಾಟ ಶುರುವಾಯಿತು. ಜೀಪು ಹೊರಟಿತು. ಅದೇ ಜೀಪಿನ ಸದ್ದಿಗೆ ಬಚ್ಚಲುಮನೆ ಸೇರುತ್ತಿದ್ದವರು ಈಗ ಜಗಲಿಯ ಮೇಲೆ ನಿಂತು, ಅದು ತಿರುವು ದಾಟುವವರೆಗೂ ನೋಡಿದರು.

ಮನೆಗೆ ಬಂದವರೇ ಅಟ್ಟದಿಂದ ಮೊಬೈಲು ಇಳಿಸಿಕೊಂಡು, ಬಳಗಕ್ಕೆ ದನಿ ಕಳಿಸುವುದು ಹೇಗೆಂದು ಚಿನ್ಮಯಿಯಿಂದ ಕೇಳಿ ಕಲಿತರು. "ನಾನು ಕಮಲಾಕ್ಷಿ ಮಾತಾಡ್ತಿರೋದು. ಜಯಪಾಲ ಮೇಷ್ಟ್ರು ಹಾಕಿದ್ದ ವಿಡಿಯೊ ನಾನು ಪೂರ್ತಿ ನೋಡ್ದೆ. ಸ್ಟೇಷನ್ನಿಗೆ ಹೋಗಿ ಹೇಳಿ ಬಂದೆ. ನೀವೆಲ್ಲ ನೋಡಿದೀರಿ ಅಂತ ನನಗೆ ಗೊತ್ತು. ಪೊಲೀಸಿನವರು ಕೂತ್ಕೊಳಿ ಅಂತ ಕುರ್ಚಿ ಕೊಡ್ತಾರೆ, ನೀರು ಕೊಡ್ತಾರೆ. ನಾಳೆ ಹತ್ತು ಗಂಟೆಗೆ ಹೋಗಿ, ನಿಮಗೆ ಕಂಡಿದ್ದನ್ನ ಹೇಳಿ." ಅದು ಬಿನ್ನಹವಾಗಿರಲಿಲ್ಲ, ಅಸೆಂಬ್ಲಿಯ ದನಿಯೇ.

ಆಗ ನನಗೆ ಹೊಳೆಯಿತು. ಈಚೆಗೆ ಗಂಗಾಧರಪ್ಪನ ಅಂಗಡಿಯಲ್ಲಿ ಹಾಲಿನ ಪುಡಿಯೇ ಸಿಗದೆ ಜನ ಪರದಾಡಿದ್ದು ಫಲಿತಾಂಶದ ವಾರದಲ್ಲಲ್ಲ, ಸುಮ್ಮನೆ ಇದ್ದ ದಿನಗಳಲ್ಲಿ. ನಮ್ಮ ಮನೆಯಂತೆ ಎಷ್ಟು ಮನೆಗಳಲ್ಲಿ ಸೊಸೆಯಂದಿರ ಮೇಲೆ ಅನುಮಾನ ಬಂದಿತ್ತೋ. ಮರುದಿನ ಹತ್ತು ಗಂಟೆಗೆ ಠಾಣೆಯ ಮುಂದೆ ಛತ್ರಿ ಹಿಡಿದ ಮೇಷ್ಟ್ರುಗಳು, ಟೀಚರುಗಳು ಸಾಲಾಗಿ ನಿಂತಿದ್ದರು. ಯಾರೋ ಒಬ್ಬರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದರು. ಗಂಡಸಿನ ಕೈಯಲ್ಲಿದ್ದ ಉಂಗುರ ಒಬ್ಬರಿಗೆ ನೆನಪಿತ್ತು. ನಕ್ಕವನ ದನಿಯಲ್ಲಿ ತೊದಲು ಇತ್ತೆಂದು ಸಂಗೀತದ ಟೀಚರು ಹೇಳಿದರು. ಎಲ್ಲರಿಗಿಂತ ಕೊನೆಗೆ ಜಯಪಾಲ ಮೇಷ್ಟ್ರು, ಗೋಡೆ ಸವರಿಕೊಂಡು ಬಂದರು. ತಾವು ತೆರೆದು ನೋಡದೆ, ಮೇಲಿನ ತಲೆಬರಹ ಓದಿ ಹಾಕಿದ್ದರಂತೆ. ಇನ್‌ಸ್ಪೆಕ್ಟರು ಅವರನ್ನು ಒಂದು ಗಂಟೆ ಕೂರಿಸಿಕೊಂಡು, ಅದು ಅವರಿಗೆ ಯಾರಿಂದ ಬಂತೆಂದು ಬಾಯಿ ಬಿಡಿಸಿದರು. ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು. ಅತ್ತೆ ಅವರಿಗೆ ಒಂದು ಮಾತೂ ಬಯ್ಯದೆ ಛತ್ರಿಯಡಿ ಜಾಗ ಕೊಟ್ಟರು.

ಆ ಸಂಜೆ ನಾನು ಒಲೆಯ ಮೇಲೆ ಹಾಲಿಟ್ಟು, ಬಾಗಿಲಲ್ಲಿ ಪಾರ್ವತಕ್ಕನಿಗೆ ಇದನ್ನೆಲ್ಲ ವರ್ಣಿಸುತ್ತಾ ನಿಂತಿದ್ದೆ. ಎಷ್ಟೋ ದಿನ ಹಾಲು ಉಕ್ಕದ ಮನೆಯಲ್ಲಿ ಒಲೆ ಕಾಯುವ ಅಭ್ಯಾಸವೇ ತಪ್ಪಿಹೋಗಿತ್ತು. ಒಳಗಿನಿಂದ ಚುಂಯ್ ಎಂಬ ಸದ್ದು, ಸುಟ್ಟ ವಾಸನೆ, ಜೊತೆಗೆ ಅತ್ತೆಯ ಕೂಗು. "ಒಲೆ ಮೇಲೆ ಹಾಲಿಟ್ಟು ಎಲ್ಲಿಗೆ ಹೋದ್ಯೇ? ಎಲ್ಲಾ ಚೆಲ್ಲಿಹೋಯ್ತು." ಹೋಗಿ ನೋಡಿದರೆ ಕಟ್ಟೆಯ ತುಂಬಾ ಹಾಲು. ಬಯ್ಯಿಸಿಕೊಂಡು ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಕಾಫಿ ಮಾಡಿದೆ, ಸುಧೀಂದ್ರ ಎರಡು ಲೋಟ ಕುಡಿದರು. ಅತ್ತೆ ಮಾತ್ರ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು, "ಆ ಮಗು ಮನೇಲಿ ಎಷ್ಟು ದಿನದಿಂದ ಹಾಲು ಉಕ್ಕಿಲ್ವೋ" ಅಂದರು.

ಮಗು ಸಿಕ್ಕಿತು. ಸಿಕ್ಕಿದ ದಿನ ಚೆಲುವರಾಜು ಅವರೇ ಮನೆಗೆ ಬಂದು ಹೇಳಿದರು. ಹೊಡೆಯುತ್ತಿದ್ದವನು ಅದರ ಚಿಕ್ಕಪ್ಪ, ವಿಡಿಯೊ ತೆಗೆದವನು ಅವನ ಸ್ನೇಹಿತ. ಇಬ್ಬರನ್ನೂ ಹಿಡಿದಿದ್ದರು. ತಂದೆತಾಯಿ ಇಲ್ಲದ ಹುಡುಗಿಯಂತೆ, ತಾಯಿಯ ತಾಯಿ ಬಂದು ಕರೆದುಕೊಂಡು ಹೋದರಂತೆ. ಅತ್ತೆ ಅವರಿಗೆ ಕಾಫಿ ಕೊಡುವಂತೆ ನನಗೆ ಸನ್ನೆ ಮಾಡಿದರು. ನಾನು ಹಾಲಿಟ್ಟೆ, ಚೆಲುವರಾಜು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಅದು ಏಳುವುದನ್ನು ನೋಡಿದರು. ಸಕ್ಕರೆ ಕಡಿಮೆ ಇರಲಿ ಅಂದರು ಅಷ್ಟೇ. ಹೊರಡುವಾಗ ಚೆಲುವರಾಜು, ಕೇಸು ನಡೆಯುವಾಗ ಅಮ್ಮನವರು ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಹಾಗೆ ನೋಡಿದರೆ ಅತ್ತೆ ಯಾವುದಕ್ಕೆ ಹೆದರಿ ಅಷ್ಟು ದಿನ ಒಣಗಿದರೋ ಅದೇ ಬಂದಿತ್ತು. ಪೊಲೀಸು, ಸಮನ್ಸು, ಕೋರ್ಟು, ಕಟಕಟೆ, ಒಂದೂ ತಪ್ಪಲಿಲ್ಲ.

ವಿಚಾರಣೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಮೊಗಸಾಲೆಯ ಬೆಂಚುಗಳ ಮೇಲೆ ಜನ ಬೆವರುತ್ತಾ ಕೂತಿದ್ದರು. ಆ ತುದಿಯ ಬೆಂಚಿನಲ್ಲಿ ಒಬ್ಬ ಮುದುಕಿ, ಅವಳಿಗೆ ಒರಗಿಕೊಂಡು ಎರಡು ಜಡೆಯ ಒಂದು ಹುಡುಗಿ. ಯಾರೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹುಡುಗಿ ಎಲ್ಲರ ಚಪ್ಪಲಿಗಳನ್ನು ನೋಡುತ್ತಿದ್ದಳು, ಮುಖ ಮಾತ್ರ ಯಾರದ್ದೂ ಬೇಡ. ಅತ್ತೆ ಒಂದು ಸಲ ಅತ್ತ ನೋಡಿ ಕನ್ನಡಕ ಒರೆಸಿಕೊಂಡರು. ಅವರ ಕೈ ನಡುಗುತ್ತಿತ್ತು. "ಭಯ ಆಗ್ತಿದೆ ಕುಸುಮಾ" ಅಂದರು, ಪಕ್ಕದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಮೊದಲಾಗಿದ್ದರೆ ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಯಾರಿಗೋ ಬೈಯುತ್ತಿದ್ದರು. ಈಗ ಅದನ್ನು ಮಡಿಲ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದರು.

ಒಳಗಿನಿಂದ ಜವಾನ ಬಾಗಿಲಿಗೆ ಬಂದು ಕೂಗಿದ, "ಕಮಲಾಕ್ಷೀ..." ಪದ್ಧತಿಯಂತೆ ಮೂರು ಸಲ ಕೂಗಬೇಕು. ಎರಡನೆಯ ಸಲಕ್ಕೆ ಅವನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತೆ ಎದ್ದು ನಿಂತು, ಮೊಗಸಾಲೆಯ ಆ ತುದಿಯವರೆಗೂ ಕೇಳುವ ಹಾಗೆ, "ಹಾಜರ್" ಅಂದರು. ಚಪ್ಪಲಿಗಳನ್ನು ನೋಡುತ್ತಿದ್ದ ಹುಡುಗಿ ತಲೆ ಎತ್ತಿದಳು. ಅತ್ತೆ ನಡುಗುವ ಕೈಯನ್ನು ಬೀಸಿಕೊಂಡೇ ಒಳಗೆ ನಡೆದರು, ಬಾಗಿಲು ಮುಚ್ಚಿಕೊಳ್ಳುವ ತನಕ ಅವಳು ಅವರನ್ನೇ ನೋಡುತ್ತಿದ್ದಳು.